ಗೋಡೆ ಹಾಕು, ಗೋಡೆಯನ್ನೇ ನಂಬಬೇಡ

ಔರಾದ್, ಭಾಲ್ಕಿ ಕಡೆ ಹೊಸದಾಗಿ ಆನ್‌ಲೈನ್ ಸೆಂಟರ್ ಇಟ್ಟಿರುವ ತಮ್ಮನಿಗೆ, ಬೀದರ್‌ನಿಂದ ಅಣ್ಣನ ಆಶೀರ್ವಾದಗಳು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನೀನೂ 11 ಹಾಕಿಸಲು ಹೊರಟಿರಬಹುದು. ಫಾರ್ಮ್ಯಾಟ್ ಹೊಡೆಸುವ ಮುಂಚೆ ಈ ಪತ್ರ ಓದು.

ನಿನ್ನಂಥವರ ಕೆಲಸವೆಲ್ಲ ಡೆಸ್ಕ್‌ಟಾಪ್ ಮೇಲೆಯೇ ಬಿದ್ದಿರುತ್ತದೆ: ಲಗ್ನಪತ್ರಿಕೆ, ಬಾಡಿಗೆ ಕರಾರು, ಗಡಿಭಾಗವಾದ್ದರಿಂದ ಮರಾಠಿ ಅರ್ಜಿ. ಕಣ್ಣೆದುರಿಗಿದೆ ಅಂತ ಧೈರ್ಯ ಬೇಡ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಸಿ ಡ್ರೈವಿನೊಳಗಿನ ಫೋಲ್ಡರುಗಳು. ಸಿ ಅಳಿಸಿದರೆ ಅವೂ ಹೋದವು.

ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಕಾಪಿ ಮಾಡು. ಆಮೇಲೆ ಮಷಿನ್ನಿನ ಡಿಸ್ಕನ್ನು ಭಾಗ ಮಾಡು. 512 ಜಿಬಿ ಎಂದು ಮಾರುವ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ ಸುಮಾರು 476 ತೋರಿಸುತ್ತದೆ. ವಿಂಡೋಸ್ 11 ಕನಿಷ್ಠ 64 ಕೇಳುತ್ತದೆ. ಅಪ್‌ಡೇಟ್, ಸಾಫ್ಟ್‌ವೇರ್ ಎಲ್ಲ ಸೇರಿ ಸಿಗೆ 150 ಬಿಟ್ಟರೆ ಸಾಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಒತ್ತು. ಅಲ್ಲಿ ಲೆಕ್ಕ ಎಂಬಿಯಲ್ಲಿದೆ: 300 ಜಿಬಿ ಬೇಕಿದ್ದರೆ 307200 ಬರೆ. ಖಾಲಿಯಾದ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಟ್ಟರೆ ಅದೇ ನಿನ್ನ ಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ಗಳ ಪ್ರಾಪರ್ಟೀಸ್‌ಗೆ ಹೋಗಿ ಲೊಕೇಶನ್ನನ್ನು ಅಲ್ಲಿಗೆ ಬದಲಿಸು. ಹೊಸ ವಿಂಡೋಸ್ ಹಾಕಿದ ಮೇಲೆ ಲೊಕೇಶನ್ನನ್ನು ಮತ್ತೆ ಬದಲಿಸಬೇಕು.

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಸೆಟಪ್ ಫೈಲು, ಫಾಂಟುಗಳನ್ನೂ ಡಿಯಲ್ಲಿಡು. ಫಾಂಟುಗಳು ವಿಂಡೋಸ್ ಫೋಲ್ಡರಿನೊಳಗೆ ಕೂರುವುದರಿಂದ ಫಾರ್ಮ್ಯಾಟ್ ಜೊತೆ ಹೋಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಲಗ್ನಪತ್ರಿಕೆ ತೆರೆದರೆ ವಧುವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಗಾಬರಿಯಾಗಬೇಡ, ಫೈಲು ಕೆಟ್ಟಿಲ್ಲ. ಫಾಂಟು ಹಾಕು, ಕನ್ನಡ ಬರುತ್ತದೆ.

ಫಾರ್ಮ್ಯಾಟ್ ಹೊಡೆಯುವವನ ಪಕ್ಕದಲ್ಲೇ ನಿಂತುಕೋ. ಇನ್‌ಸ್ಟಾಲ್ ಪರದೆಯಲ್ಲಿ ಸಿ, ಡಿ ಅಂತ ಬರೆದಿರುವುದಿಲ್ಲ. ಪಾರ್ಟಿಶನ್ 1, 2, 3 ಅಂತ ಸಾಲಾಗಿ ಇರುತ್ತವೆ. ಗಾತ್ರ ನೋಡಿ ಯಾವುದು ಯಾವುದೆಂದು ಗುರುತಿಸಬೇಕು. ಅವಸರವಿದ್ದವನು ಎಲ್ಲ ಡಿಲೀಟ್ ಮಾಡಿಬಿಡುತ್ತಾನೆ.

ಇಷ್ಟಾದರೂ ಡಿ ಅಂದರೆ ಬ್ಯಾಕಪ್ ಅಲ್ಲ, ತಮ್ಮಾ. ನಮ್ಮ ಬೀದರ್‌ನ ಮಹಮೂದ್ ಗವಾನ್ ಮದರಸಾ ನೋಡಿದ್ದೀಯಲ್ಲ, 1472ರದ್ದು. ಮೊಘಲರ ಕಾಲದಲ್ಲಿ ಅದರೊಳಗೆ ಮದ್ದು ತುಂಬಿಟ್ಟಿದ್ದರು. ಅದು ಸಿಡಿದಾಗ ಅಷ್ಟು ದಪ್ಪ ಗೋಡೆಗಳೂ ತಡೆಯಲಿಲ್ಲ. ಮುಂಭಾಗದ ಒಂದು ಮಿನಾರೇ ಹೋಯಿತು. ಪಾರ್ಟಿಶನ್ ಸಹ ಒಂದೇ ಕಟ್ಟಡದೊಳಗಿನ ಗೋಡೆ. ವಿಂಡೋಸ್ ಕೆಟ್ಟರೆ ಡಿ ಉಳಿಯುತ್ತದೆ. ಡಿಸ್ಕೇ ಸತ್ತರೆ, ರ‍್ಯಾನ್ಸಮ್‌ವೇರ್ ಹೊಕ್ಕರೆ, ಮಷಿನ್ನೇ ಕಳವಾದರೆ ಸಿ, ಡಿ ಎರಡೂ ಒಟ್ಟಿಗೆ ಹೋಗುತ್ತವೆ.

ಅದಕ್ಕೆ ದಿನಾ ಅಂಗಡಿ ಮುಚ್ಚುವ ಮುಂಚೆ ಡಿಯಲ್ಲಿನ ಹೊಸ ಕೆಲಸವನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಡಿಸ್ಕ್ ಮನೆಗೆ ಒಯ್ಯಿ. ಆಗೀಗ ಅದರಿಂದ ಒಂದು ಫೈಲು ತೆರೆದು ನೋಡು. ಲಗ್ನದ ಸೀಜನ್ನಿನಲ್ಲಿ ಗಿರಾಕಿ ಎದುರಿಗೆ ಕೂತಾಗ ತೆರೆದು ನೋಡುವುದಕ್ಕಿಂತ ಅದು ವಾಸಿ.

ಇಂತಿ ನಿನ್ನ ಅಣ್ಣ