ಗಣಕಯಂತ್ರದ ತಾಪ ಹಾಗೂ ವಿದ್ಯುತ್ತಿನ ನಿಗಾ : ದೋಷಪರಿಶೋಧನೆಯ ಕ್ರಮ

ಪೀಠಿಕೆ

ದೇಹಕ್ಕೆ ಜ್ವರ ಬಂದಿದೆಯೇ ಎಂಬುದನ್ನು ಅರಿಯಲು ವೈದ್ಯನು ಉಷ್ಣತಾಮಾಪಕವನ್ನು ಬಳಸುತ್ತಾನೆ. ಆದರೆ ಮಾಪಕದ ಅಂಕಿಯೊಂದನ್ನೇ ನಂಬಿ ಔಷಧ ಕೊಡುವವನು ವಿವೇಕಿಯಾದ ವೈದ್ಯನೆನಿಸಲಾರನು. ರೋಗಿಯ ಮೈ ಮುಟ್ಟಿ, ನಾಡಿ ಹಿಡಿದು, ಮಾಪಕವು ಹೇಳಿದ್ದು ದೇಹದ ಸ್ಥಿತಿಗೆ ಹೊಂದುತ್ತದೆಯೇ ಎಂದು ವಿಚಾರಿಸಿದ ಬಳಿಕವೇ ಅವನು ನಿರ್ಣಯಕ್ಕೆ ಬರುತ್ತಾನೆ. ಗಣಕಯಂತ್ರದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಯಂತ್ರದ ಒಳಗಿನ ತಾಪ, ವೋಲ್ಟೇಜು, ಫ್ಯಾನಿನ ವೇಗ ಮತ್ತು ವಿದ್ಯುತ್ ಬಳಕೆಯನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶಗಳು ಇಂದು ಹೇರಳವಾಗಿವೆ. ಇವನ್ನು ನಿಗಾ ತಂತ್ರಾಂಶಗಳೆಂದು ಕರೆಯಬಹುದು. ಇವು ತೋರಿಸುವ ಅಂಕಿ ಕೆಲವೊಮ್ಮೆ ನಿಜವಾಗಿರುತ್ತದೆ, ಕೆಲವೊಮ್ಮೆ ಅರ್ಧನಿಜ, ಮತ್ತೆ ಕೆಲವೊಮ್ಮೆ ಶುದ್ಧ ಸುಳ್ಳು.

ಇದರಿಂದ ಎರಡು ಬಗೆಯ ಹಾನಿ ಸಂಭವಿಸುತ್ತದೆ. ಸುಳ್ಳು ಅಂಕಿಗೆ ಹೆದರಿ ಆರೋಗ್ಯವಾಗಿರುವ ಯಂತ್ರವನ್ನು ಮೂಲೆಗೆ ಸೇರಿಸುವುದು ಒಂದು. ಒಮ್ಮೆ ಸುಳ್ಳು ಹೇಳಿತೆಂದು ತಂತ್ರಾಂಶವನ್ನೇ ಅಲಕ್ಷಿಸಿ, ನಿಜವಾಗಿ ಬೇಯುತ್ತಿರುವ ಯಂತ್ರವನ್ನು ಓಡಲು ಬಿಡುವುದು ಇನ್ನೊಂದು. ಹತ್ತಾರು ಮಕ್ಕಳು ಸರದಿಯ ಮೇಲೆ ಕಲಿಯುವ ಶಾಲಾ ಪ್ರಯೋಗಾಲಯದಲ್ಲಿ ಇವೆರಡೂ ದುಬಾರಿಯಾದ ತಪ್ಪುಗಳೇ. ಆದುದರಿಂದ ಅಂಕಿಯು ಎಲ್ಲಿಂದ ಬರುತ್ತದೆ, ದಾರಿಯಲ್ಲಿ ಎಲ್ಲಿ ಕೆಡುತ್ತದೆ, ಕೆಟ್ಟಿರುವುದನ್ನು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ತಾಪದ ಮೂಲ

ಗಣಕಯಂತ್ರವು ಸೇವಿಸುವ ವಿದ್ಯುತ್ತೆಲ್ಲವೂ ಹೆಚ್ಚುಕಡಿಮೆ ತಾಪವಾಗಿಯೇ ಪರಿಣಮಿಸುತ್ತದೆ. ಮೇಜಿನ ಮೇಲಿನ ಸಾಮಾನ್ಯ ಯಂತ್ರವೊಂದರ ಸಂಸ್ಕಾರಕ, ಅಂದರೆ ಪ್ರೊಸೆಸರ್, ೬೫ ವ್ಯಾಟ್ ವರ್ಗದ್ದಾಗಿರಬಹುದು. ಹಿಂದಿನ ಕಾಲದ ೬೦ ವ್ಯಾಟಿನ ತಂತಿದೀಪವನ್ನು ಕೈಯಿಂದ ಮುಟ್ಟಲಾಗುತ್ತಿರಲಿಲ್ಲ. ಅದಕ್ಕೆ ಸಮನಾದ ತಾಪವು ಇಲ್ಲಿ ಕೆಲವೇ ಚದರ ಸೆಂಟಿಮೀಟರುಗಳ ಸಿಲಿಕಾನ್ ಬಿಲ್ಲೆಯಲ್ಲಿ ಹುಟ್ಟುತ್ತದೆ. ಅದನ್ನು ಹೀರಿ ಗಾಳಿಗೆ ಬಿಡಲು ಲೋಹದ ರೆಕ್ಕೆಗಳುಳ್ಳ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನು, ಸಂಸ್ಕಾರಕಕ್ಕೂ ಹೀಟ್‌ಸಿಂಕಿಗೂ ನಡುವಿನ ಸಂಪರ್ಕಕ್ಕೆ ಥರ್ಮಲ್ ಪೇಸ್ಟ್ ಎಂಬ ಲೇಪ ಇರುತ್ತವೆ.

೨೦೦೧ರಲ್ಲಿ ಪ್ರಕಟವಾದ ಪ್ರಯೋಗದ ಚಿತ್ರವೊಂದು ಈ ವ್ಯವಸ್ಥೆಯ ಮಹತ್ವವನ್ನು ಜಗತ್ತಿಗೆ ತೋರಿಸಿತು. ಓಡುತ್ತಿರುವ ಯಂತ್ರಗಳ ಹೀಟ್‌ಸಿಂಕನ್ನು ಕಳಚಿದಾಗ ಇಂಟೆಲ್ ಸಂಸ್ಥೆಯ ಪೆಂಟಿಯಮ್ ೪ ತಾನಾಗಿಯೇ ವೇಗ ತಗ್ಗಿಸಿಕೊಂಡು ಉಳಿಯಿತು. ಎಎಂಡಿ ಸಂಸ್ಥೆಯ ಅಥ್ಲಾನ್ ಕ್ಷಣಾರ್ಧದಲ್ಲಿ ಸುಟ್ಟುಹೋಯಿತು. ಇಂದಿನ ಸಂಸ್ಕಾರಕಗಳೆಲ್ಲವೂ ತಾಪವು ಮಿತಿಯನ್ನು ಮುಟ್ಟಿದಾಗ ಮೊದಲು ವೇಗವನ್ನು ತಗ್ಗಿಸುತ್ತವೆ. ಅದೂ ಸಾಲದಾದಾಗ ಯಂತ್ರವು ತಟ್ಟನೆ ಆರಿಹೋಗುತ್ತದೆ. ಈ ರಕ್ಷಣೆಯು ಯಂತ್ರದ ಒಡಲಿನಲ್ಲಿಯೇ ಇದೆ. ನಿಗಾ ತಂತ್ರಾಂಶವು ಕೇವಲ ನೋಡುವ ಕಣ್ಣು ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಅಂಕಿಯು ನಡೆದುಬರುವ ದಾರಿ

ಪರದೆಯ ಮೇಲೆ ‘೬೦ ಡಿಗ್ರಿ’ ಎಂದು ಕಾಣುವ ಮುನ್ನ ಆ ಅಂಕಿಯು ಐದು ಮೆಟ್ಟಿಲುಗಳನ್ನು ದಾಟಿ ಬಂದಿರುತ್ತದೆ. ಮೊದಲ ಮೆಟ್ಟಿಲು ಸಂವೇದಕ. ಇದು ಸಾಮಾನ್ಯವಾಗಿ ಒಂದು ಪುಟ್ಟ ಡಯೋಡು. ತಾಪವು ಒಂದು ಡಿಗ್ರಿ ಏರಿದಾಗ ಅದರ ವೋಲ್ಟೇಜು ಸುಮಾರು ೨ ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಎರಡನೆಯ ಮೆಟ್ಟಿಲಿನಲ್ಲಿ ಈ ವೋಲ್ಟೇಜು ಸಂಖ್ಯೆಯಾಗಿ ಪರಿವರ್ತಿತವಾಗಿ ಚಿಪ್ಪಿನ ರಿಜಿಸ್ಟರ್ ಎಂಬ ಕೋಶದಲ್ಲಿ ಕೂರುತ್ತದೆ. ಮೂರನೆಯದರಲ್ಲಿ ಡ್ರೈವರ್ ಎಂಬ ಸೇವಕ ತಂತ್ರಾಂಶವು ಆ ಕೋಶವನ್ನು ಓದುತ್ತದೆ. ನಾಲ್ಕನೆಯದರಲ್ಲಿ ನಿಗಾ ತಂತ್ರಾಂಶವು ತನ್ನ ಸೂತ್ರವನ್ನು ಅನ್ವಯಿಸಿ ಸಂಖ್ಯೆಯನ್ನು ಡಿಗ್ರಿಯಾಗಿಯೋ ವೋಲ್ಟಾಗಿಯೋ ಮಾರ್ಪಡಿಸುತ್ತದೆ. ಐದನೆಯದರಲ್ಲಿ ಅದಕ್ಕೊಂದು ಹೆಸರು ಅಂಟಿಸಲಾಗುತ್ತದೆ.

ದೋಷಪರಿಶೋಧನೆ ಎಂದರೆ ಈ ಐದರಲ್ಲಿ ಯಾವ ಮೆಟ್ಟಿಲು ಮುರಿದಿದೆ ಎಂದು ಹುಡುಕುವುದೇ ಆಗಿದೆ.

ತಾಪದ ಅಂಕಿ ತಪ್ಪುವ ಬಗೆಗಳು

ಇಂಟೆಲ್ ಸಂಸ್ಕಾರಕದ ಒಳಗಿನ ಸಂವೇದಕವು ತಾಪವನ್ನು ನೇರವಾಗಿ ಹೇಳುವುದಿಲ್ಲವೆಂಬುದು ಅನೇಕರಿಗೆ ತಿಳಿಯದ ಸಂಗತಿ. ಗರಿಷ್ಠ ಮಿತಿಯನ್ನು ಮುಟ್ಟಲು ಇನ್ನೆಷ್ಟು ಡಿಗ್ರಿ ಉಳಿದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ರಿಜಿಸ್ಟರಿನಲ್ಲಿ ೪೦ ಎಂದಿದ್ದು, ಮಿತಿಯು ೧೦೦ ಡಿಗ್ರಿಯಾಗಿದ್ದರೆ ತಾಪವು ೬೦ ಡಿಗ್ರಿ. ತಂತ್ರಾಂಶವು ಮಿತಿಯನ್ನು ತಪ್ಪಾಗಿ ೧೦೫ ಎಂದು ಭಾವಿಸಿದರೆ ಅದೇ ಯಂತ್ರಕ್ಕೆ ೬೫ ಡಿಗ್ರಿ ತೋರಿಸುತ್ತದೆ. ಕೋರ್ ೨ ಪೀಳಿಗೆಯ ಕಾಲದಲ್ಲಿ ಇಂತಹ ಗೊಂದಲ ವ್ಯಾಪಕವಾಗಿತ್ತು. ಮೇಜಿನ ಯಂತ್ರಗಳ ಮಿತಿಯನ್ನು ಸಂಸ್ಕಾರಕದಿಂದ ಓದಲು ಬರುತ್ತಿರಲಿಲ್ಲವಾದ್ದರಿಂದ ತಂತ್ರಾಂಶಗಳು ಊಹೆಯನ್ನೇ ನೆಚ್ಚಿದ್ದವು. ೨೦೦೮ರಲ್ಲಿ ಇಂಟೆಲ್ ಈ ಮಿತಿಗಳನ್ನು ಪ್ರಕಟಿಸಿತು. ಅದೇ ವರ್ಷ ಬಂದ ನೆಹಾಲೆಮ್ ಪೀಳಿಗೆಯಿಂದ ಮಿತಿಯನ್ನು ಸಂಸ್ಕಾರಕದಲ್ಲಿಯೇ ಓದುವ ಅನುಕೂಲ ಒದಗಿತು.

೨೦೧೭ರ ಉದಾಹರಣೆಯು ಇನ್ನೂ ಬೋಧಪ್ರದವಾದುದು. ಎಎಂಡಿಯ ರೈಜ಼ನ್ ೧೭೦೦ಎಕ್ಸ್ ಮತ್ತು ೧೮೦೦ಎಕ್ಸ್ ಸಂಸ್ಕಾರಕಗಳು ನಿಜವಾದ ತಾಪಕ್ಕಿಂತ ೨೦ ಡಿಗ್ರಿ ಹೆಚ್ಚಾದ ಅಂಕಿಯನ್ನು ವರದಿ ಮಾಡುತ್ತಿದ್ದವು. ಇದು ದೋಷವಾಗಿರಲಿಲ್ಲ, ಬೇರೆಬೇರೆ ಮಾದರಿಗಳಿಗೆ ಒಂದೇ ಬಗೆಯ ಫ್ಯಾನು ನಿಯಂತ್ರಣ ಸಾಧ್ಯವಾಗಲೆಂದು ಉದ್ದೇಶಪೂರ್ವಕವಾಗಿ ಮಾಡಿದ ಏರ್ಪಾಡಾಗಿತ್ತು. ಇದನ್ನು ಅರಿಯದ ತಂತ್ರಾಂಶವು ೫೫ ಡಿಗ್ರಿಯ ಯಂತ್ರಕ್ಕೆ ೭೫ ಎಂದು ತೋರಿಸಿ ಬಳಕೆದಾರನನ್ನು ಗಾಬರಿಗೊಳಿಸುತ್ತಿತ್ತು.

ಮೂರನೆಯ ಬಗೆ, ಇಲ್ಲದ ಸಂವೇದಕದ ಅಂಕಿ. ಮದರ್‌ಬೋರ್ಡಿನ ನಿಗಾ ಚಿಪ್ಪಿನಲ್ಲಿ ಹಲವು ಸಂವೇದಕಗಳಿಗೆ ಸ್ಥಳವಿರುತ್ತದೆ. ತಯಾರಕರು ಎಲ್ಲವನ್ನೂ ಜೋಡಿಸಿರುವುದಿಲ್ಲ. ಬರಿದಾದ ಸ್ಥಳದಿಂದ ಓದಿದಾಗ ೧೨೭ ಅಥವಾ ಮೈನಸ್ ೧೨೮ರಂತಹ ಅಂಕಿಗಳು ಬರುತ್ತವೆ. ಎಂಟು ಬಿಟ್ಟುಗಳ ಚಿಹ್ನೆಸಹಿತ ಸಂಖ್ಯೆಯ ಎಲ್ಲೆಗಳು ಇವೇ ಎಂಬುದನ್ನು ಗಣಿತ ಬಲ್ಲವರು ಒಡನೆಯೇ ಗುರುತಿಸುವರು. ಅಂಕಿಯು ಎಲ್ಲೆಗೆ ಅಂಟಿಕೊಂಡು, ಯಂತ್ರಕ್ಕೆ ಕೆಲಸ ಕೊಟ್ಟಾಗಲೂ ಅಲುಗದೆ ನಿಂತಿದ್ದರೆ ಅಲ್ಲಿ ಸಂವೇದಕವಿಲ್ಲವೆಂದು ಬಗೆಯಬಹುದು.

ಗಾಳಿಯಿಂದ ತಣಿಯುವ ಯಂತ್ರವು ಕೋಣೆಯ ತಾಪಕ್ಕಿಂತ ತಂಪಾಗಿರುವುದು ಪ್ರಕೃತಿನಿಯಮಕ್ಕೆ ವಿರುದ್ಧವೆಂಬುದನ್ನೂ ನೆನಪಿಡಬೇಕು. ಅಂಕಿಯನ್ನು ಎಂದಿಗೂ ಕೋಣೆಯ ತಾಪದೊಡನೆ ಹೋಲಿಸಿಯೇ ಓದಬೇಕು. ಯಂತ್ರವು ಕೋಣೆಗಿಂತ ೩೫ ಡಿಗ್ರಿ ಹೆಚ್ಚು ಕಾಯುತ್ತದೆಂದು ಭಾವಿಸೋಣ. ಬೆಂಗಳೂರಿನ ೨೫ ಡಿಗ್ರಿಯ ಕೋಣೆಯಲ್ಲಿ ಅದು ೬೦ ಡಿಗ್ರಿ ತೋರಿಸಿದರೆ, ರಾಯಚೂರಿನ ಬೇಸಿಗೆಯ ೪೨ ಡಿಗ್ರಿಯ ಕೋಣೆಯಲ್ಲಿ ಅದೇ ಯಂತ್ರ ಸುಮಾರು ೭೭ ತೋರಿಸುತ್ತದೆ. ಇಲ್ಲಿ ಕೆಟ್ಟಿರುವುದು ಯಂತ್ರವೂ ಅಲ್ಲ, ತಂತ್ರಾಂಶವೂ ಅಲ್ಲ. ಆದರೆ ಅದೇ ಕೋಣೆಯಲ್ಲಿ, ಅದೇ ಕೆಲಸಕ್ಕೆ, ಹೆಚ್ಚಳವು ೩೫ರಿಂದ ೫೦ಕ್ಕೆ ಏರಿದ್ದರೆ ಧೂಳು, ಒಣಗಿದ ಲೇಪ, ಸಡಿಲವಾದ ಹೀಟ್‌ಸಿಂಕ್ ಇವುಗಳನ್ನು ಶಂಕಿಸಬೇಕು.

ವೋಲ್ಟೇಜು, ಫ್ಯಾನು ಮತ್ತು ವಿದ್ಯುತ್ ಬಳಕೆ

ಎಸ್‌ಎಂಪಿಎಸ್ ಯಂತ್ರಕ್ಕೆ ಒದಗಿಸುವ ಮುಖ್ಯ ವೋಲ್ಟೇಜುಗಳು ೧೨, ೫ ಮತ್ತು ೩.೩. ಇವು ಶೇಕಡಾ ೫ರಷ್ಟು ಹೆಚ್ಚುಕಡಿಮೆಯಾಗಬಹುದು. ಅಂದರೆ ೧೨ ವೋಲ್ಟಿನ ತಂತಿಯಲ್ಲಿ ೧೧.೪ರಿಂದ ೧೨.೬ರವರೆಗೆ ಇರುವುದು ಸಮ್ಮತ. ಆದರೆ ನಿಗಾ ಚಿಪ್ಪು ೧೨ ವೋಲ್ಟನ್ನು ನೇರವಾಗಿ ತಾಳಲಾರದು. ಹಳೆಯ ಎಲ್‌ಎಂ೭೮ ಚಿಪ್ಪನ್ನೇ ತೆಗೆದುಕೊಂಡರೆ ಅದು ಅಳೆಯಬಲ್ಲದ್ದು ಸುಮಾರು ೪ ವೋಲ್ಟಿನವರೆಗೆ, ಅದೂ ೧೬ ಮಿಲಿವೋಲ್ಟಿನ ಹೆಜ್ಜೆಗಳಲ್ಲಿ. ಆದುದರಿಂದ ೩೦ ಮತ್ತು ೧೦ ಕಿಲೋಓಮ್‌ಗಳ ಎರಡು ರೋಧಕಗಳ ಮೂಲಕ ೧೨ ವೋಲ್ಟನ್ನು ೩ಕ್ಕೆ ಇಳಿಸಿ ಕೊಡುತ್ತಾರೆ. ತಂತ್ರಾಂಶವು ಅದನ್ನು ಮತ್ತೆ ನಾಲ್ಕರಿಂದ ಗುಣಿಸಬೇಕು. ಗುಣಕವನ್ನು ಅರಿಯದ ತಂತ್ರಾಂಶವು ‘೧೨ ವೋಲ್ಟಿನ ತಂತಿ : ೩ ವೋಲ್ಟ್’ ಎಂದು ಸಾರುತ್ತದೆ. ಯಂತ್ರವು ನಡೆಯುತ್ತಿದೆಯೆಂಬ ಒಂದೇ ಸಂಗತಿ ಈ ಮಾತು ಸುಳ್ಳೆಂಬುದಕ್ಕೆ ಸಾಕ್ಷಿ. ೧೨ ವೋಲ್ಟು ೩ಕ್ಕೆ ಕುಸಿದಿದ್ದರೆ ಯಂತ್ರ ನಡೆಯುತ್ತಲೇ ಇರಲಿಲ್ಲ. ೧೬ ಮಿಲಿವೋಲ್ಟಿನ ಹೆಜ್ಜೆಯೂ ನಾಲ್ಕರಿಂದ ಗುಣಿಸಿದಾಗ ೬೪ ಮಿಲಿವೋಲ್ಟ್ ಆಗುವುದರಿಂದ ಅಂಕಿಯು ೧೧.೯೭ ಮತ್ತು ೧೨.೦೩ರ ನಡುವೆ ತೂಗಾಡಿದರೆ ಅದನ್ನು ವಿದ್ಯುತ್ತಿನ ಏರಿಳಿತವೆಂದು ಭ್ರಮಿಸಬಾರದು.

ಫ್ಯಾನಿನ ವಿಷಯವೂ ಹೀಗೆಯೇ. ಸಾಮಾನ್ಯ ಫ್ಯಾನು ಒಂದು ಸುತ್ತಿಗೆ ಎರಡು ಮಿಡಿತಗಳನ್ನು ಕಳುಹಿಸುತ್ತದೆ. ಒಂದೇ ಮಿಡಿತವೆಂದು ಲೆಕ್ಕ ಹಾಕಿದ ತಂತ್ರಾಂಶವು ನಿಮಿಷಕ್ಕೆ ೧೨೦೦ ಸುತ್ತಿನ ಫ್ಯಾನನ್ನು ೨೪೦೦ ಎಂದು ತೋರಿಸುವುದು.

ವಿದ್ಯುತ್ ಬಳಕೆಯ ಲೆಕ್ಕವು ಹೆಚ್ಚು ಸೂಕ್ಷ್ಮವಾದುದು. ಇಂಟೆಲ್ ೨೦೧೧ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದ ಸಂಸ್ಕಾರಕದಲ್ಲಿ ಶಕ್ತಿಯ ಎಣಿಕೆಗಾಗಿ ಒಂದು ರಿಜಿಸ್ಟರನ್ನು ಇರಿಸಿತು. ಅದು ಮನೆಯ ವಿದ್ಯುತ್ ಮೀಟರಿನಂತೆ ಒಟ್ಟು ಶಕ್ತಿಯನ್ನು ಎಣಿಸುತ್ತ ಹೋಗುತ್ತದೆ. ಎರಡು ಓದುಗಳ ವ್ಯತ್ಯಾಸವನ್ನು ಕಾಲದಿಂದ ಭಾಗಿಸಿದರೆ ವ್ಯಾಟ್ ದೊರೆಯುತ್ತದೆ. ಎಣಿಕೆಯು ೩೨ ಬಿಟ್ಟಿನದು. ಒಂದು ಎಣಿಕೆ ಒಂದು ಜೂಲಿನ ೬೫,೫೩೬ರಲ್ಲಿ ಒಂದಂಶವಾದಾಗ ಅದು ೬೫,೫೩೬ ಜೂಲಿಗೆ ತುಂಬಿ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ೬೪ ವ್ಯಾಟಿನ ಬಳಕೆಯಲ್ಲಿ ಇದಕ್ಕೆ ಹಿಡಿಯುವುದು ೧,೦೨೪ ಸೆಕೆಂಡು, ಅಂದರೆ ಸುಮಾರು ೧೭ ನಿಮಿಷ. ಈ ಮರುಸುತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶವು ಆಗೊಮ್ಮೆ ಈಗೊಮ್ಮೆ ಋಣಸಂಖ್ಯೆಯನ್ನೋ ಅಸಂಭವವಾದ ವ್ಯಾಟನ್ನೋ ತೋರಿಸುತ್ತದೆ. ಅಲ್ಲದೆ ಈ ಲೆಕ್ಕವು ಸಂಸ್ಕಾರಕಕ್ಕೆ ಮಾತ್ರ ಸಂಬಂಧಿಸಿದ್ದು. ಗೋಡೆಯ ಪ್ಲಗ್ಗಿನಲ್ಲಿ ಅಳೆದ ವ್ಯಾಟ್ ಇದಕ್ಕಿಂತ ಹೆಚ್ಚಾಗಿರುವುದು ಸಹಜ. ಶೇಕಡಾ ೮೦ ದಕ್ಷತೆಯ ಎಸ್‌ಎಂಪಿಎಸ್ ಒಳಗೆ ೮೮ ವ್ಯಾಟ್ ಕೊಡಬೇಕಾದರೆ ಗೋಡೆಯಿಂದ ೧೧೦ ವ್ಯಾಟ್ ಎಳೆಯುತ್ತದೆ.

ತಂತ್ರಾಂಶವು ಮೌನವಾದಾಗ

ಕೆಲವೊಮ್ಮೆ ಅಂಕಿಗಳೇ ಕಾಣುವುದಿಲ್ಲ. ಇದಕ್ಕೆ ಹೆಚ್ಚಾಗಿ ಮೂರನೆಯ ಮೆಟ್ಟಿಲೇ ಕಾರಣ. ರಿಜಿಸ್ಟರುಗಳನ್ನು ಓದಲು ಡ್ರೈವರಿಗೆ ಯಂತ್ರದ ಅಂತರಂಗದವರೆಗೆ ಪ್ರವೇಶ ಬೇಕು. ಅಂತಹ ಪ್ರವೇಶವು ದುರುಳರ ಕೈಗೆ ಸಿಕ್ಕರೆ ಅಪಾಯ. ಹಲವು ನಿಗಾ ತಂತ್ರಾಂಶಗಳು ನೆಚ್ಚಿಕೊಂಡಿದ್ದ ವಿನ್‌ರಿಂಗ್ ಝೀರೋ ಎಂಬ ಡ್ರೈವರನ್ನು ೨೦೨೫ರ ಮಾರ್ಚ್ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅಪಾಯಕಾರಿಯೆಂದು ಗುರುತಿಸಿ ತಡೆಯತೊಡಗಿತು. ನಿನ್ನೆಯವರೆಗೆ ನಡೆದ ತಂತ್ರಾಂಶಗಳು ಇದ್ದಕ್ಕಿದ್ದಂತೆ ಕುರುಡಾದವು. ಶಕ್ತಿಯ ಎಣಿಕೆಯನ್ನು ಗಮನಿಸಿ ರಹಸ್ಯಗಳನ್ನು ಕದಿಯಬಹುದೆಂದು ೨೦೨೦ರಲ್ಲಿ ಸಂಶೋಧಕರು ತೋರಿಸಿದ ಮೇಲೆ ಲಿನಕ್ಸ್ ವ್ಯವಸ್ಥೆಯೂ ಆ ಎಣಿಕೆಯನ್ನು ಓದುವ ಹಕ್ಕನ್ನು ಮೇಲ್ವಿಚಾರಕನಿಗೆ ಮಾತ್ರ ಮೀಸಲಿಟ್ಟಿತು. ಇಂತಹ ಸಂದರ್ಭದಲ್ಲಿ ರಕ್ಷಣೆಯನ್ನು ಕಿತ್ತುಹಾಕುವುದು ಮನೆಯ ಬಾಗಿಲು ಮುರಿದು ಗಾಳಿ ಬರಮಾಡಿಕೊಂಡಂತೆ. ಹೊಸ ಡ್ರೈವರುಳ್ಳ ಆವೃತ್ತಿಯನ್ನು ಪಡೆಯುವುದೇ ಸರಿಯಾದ ಮಾರ್ಗ.

ಎರಡು ನಿಗಾ ತಂತ್ರಾಂಶಗಳನ್ನು ಒಟ್ಟಿಗೆ ಓಡಿಸುವುದೂ ಹಾನಿಕರ. ಅನೇಕ ಚಿಪ್ಪುಗಳಲ್ಲಿ ಮೊದಲು ಕೋಶದ ಸಂಖ್ಯೆಯನ್ನು ತಿಳಿಸಿ, ಅನಂತರ ಅಲ್ಲಿರುವುದನ್ನು ಓದಬೇಕು. ಒಂದು ತಂತ್ರಾಂಶವು ಸಂಖ್ಯೆ ತಿಳಿಸಿದ ಬಳಿಕ, ಓದುವ ಮುನ್ನ, ಇನ್ನೊಂದು ಬಂದು ಬೇರೆ ಸಂಖ್ಯೆ ತಿಳಿಸಿದರೆ ಮೊದಲನೆಯದಕ್ಕೆ ಸಿಗುವುದು ಬೇರೆಯ ಕೋಶದ ಅಂಕಿ. ಒಂದೇ ಹಾಜರಿ ಪುಸ್ತಕದ ಪುಟಗಳನ್ನು ಇಬ್ಬರು ಏಕಕಾಲಕ್ಕೆ ಮಗುಚಿದಂತೆ ಇದು.

ಓದುವುದರಿಂದಲೂ ಅನರ್ಥವಾಗಬಹುದು ಎಂಬುದಕ್ಕೆ ಒಂದು ಚಾರಿತ್ರಿಕ ಪ್ರಸಂಗವಿದೆ. ೨೦೦೦ದ ಆಸುಪಾಸಿನಲ್ಲಿ ಲಿನಕ್ಸಿನ ಎಲ್‌ಎಂ-ಸೆನ್ಸರ್ಸ್ ತಂತ್ರಾಂಶವು ಸಂವೇದಕಗಳನ್ನು ಹುಡುಕುವಾಗ ಐಬಿಎಂ ಸಂಸ್ಥೆಯ ಕೆಲವು ಥಿಂಕ್‌ಪ್ಯಾಡ್ ಯಂತ್ರಗಳ ಸ್ಮೃತಿಚಿಪ್ಪಿನಲ್ಲಿದ್ದ ಮಾಹಿತಿ ಕೆಟ್ಟು, ಅವು ಮತ್ತೆ ಆರಂಭವಾಗದೆ ಹೋದವು. ಬಳಿಕ ಅಂತಹ ಯಂತ್ರಗಳಲ್ಲಿ ಹುಡುಕಾಟ ನಡೆಯದಂತೆ ತಂತ್ರಾಂಶವನ್ನು ತಿದ್ದಲಾಯಿತು.

ಪರಿಶೋಧನೆಯ ಕ್ರಮ

ಮೇಲಿನ ವಿವೇಚನೆಯಿಂದ ಒಂದು ಕ್ರಮವು ತಾನಾಗಿಯೇ ಸಿದ್ಧಿಸುತ್ತದೆ.

೧. ಅಂಕಿಯು ಸಂಭವನೀಯವೇ ಎಂದು ವಿಚಾರಿಸಬೇಕು. ಕೋಣೆಯ ತಾಪಕ್ಕಿಂತ ಕಡಿಮೆಯೇ? ಎಲ್ಲೆಗೆ ಅಂಟಿಕೊಂಡಿದೆಯೇ? ಕೆಲಸ ಹೆಚ್ಚಿದಾಗ ಏರಿ, ನಿಂತಾಗ ಇಳಿಯುತ್ತದೆಯೇ?

೨. ಉಳಿದ ನಿಗಾ ತಂತ್ರಾಂಶಗಳನ್ನೆಲ್ಲ ಮುಚ್ಚಿ, ಒಂದನ್ನೇ ಓಡಿಸಿ ನೋಡಬೇಕು.

೩. ಯಂತ್ರದ ಬಯೋಸ್ ಪುಟದಲ್ಲಿ ಕಾಣುವ ಅಂಕಿಯೊಡನೆ ಹೋಲಿಸಬೇಕು. ಆ ಮದರ್‌ಬೋರ್ಡಿನ ಗುಣಕಗಳೂ ಹೆಸರುಗಳೂ ಅದರ ತಯಾರಕರಿಗೆ ತಿಳಿದಿರುತ್ತವೆ.

೪. ತಂತ್ರಾಂಶದ ಹೊಸ ಆವೃತ್ತಿಯು ಈ ಸಂಸ್ಕಾರಕವನ್ನೂ ಮದರ್‌ಬೋರ್ಡನ್ನೂ ಬಲ್ಲುದೇ ಎಂದು ನೋಡಬೇಕು.

೫. ಹೊರಗಿನ ಸಾಕ್ಷಿಯನ್ನು ಪಡೆಯಬೇಕು. ಹೊರಬರುವ ಗಾಳಿ ಬಿಸಿಯೇ, ಫ್ಯಾನು ತಿರುಗುತ್ತಿದೆಯೇ ಎಂದು ನೋಡಬೇಕು. ವೋಲ್ಟೇಜಿನ ಸಂದೇಹವಿದ್ದರೆ ತಿಳಿದವರ ಸಮ್ಮುಖದಲ್ಲಿ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೂ ಕೆಂಪು ಕಡ್ಡಿಯನ್ನು ೧೨ ವೋಲ್ಟಿನ ಹಳದಿ ತಂತಿಗೂ ಮುಟ್ಟಿಸಿ ಅಳೆಯಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ವಿದ್ಯಾರ್ಥಿಗಳು ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

೬. ಒಮ್ಮೆಗೆ ಒಂದನ್ನೇ ಬದಲಿಸಿ, ಫಲವನ್ನು ದಿನಾಂಕಸಹಿತ ಬರೆದಿಡಬೇಕು. ಆರೋಗ್ಯವಾಗಿದ್ದ ದಿನದ ಅಂಕಿಯನ್ನು ಬರೆದಿಟ್ಟವನಿಗೆ ಮಾತ್ರ ಕೆಟ್ಟ ದಿನದ ಅಂಕಿಯ ಅರ್ಥ ತಿಳಿಯುತ್ತದೆ.

ಈ ಎಲ್ಲ ಪರೀಕ್ಷೆಗಳನ್ನು ದಾಟಿಯೂ ಅಂಕಿಯು ಎತ್ತರದಲ್ಲಿಯೇ ನಿಂತರೆ ಅದನ್ನು ನಂಬಿ, ಯಂತ್ರವನ್ನು ನಿಲ್ಲಿಸಿ, ಧೂಳು ತೆಗೆದು, ಲೇಪವನ್ನು ಹೊಸದಾಗಿ ಹಚ್ಚಬೇಕು. ಆಗ ಅಲಕ್ಷಿಸುವುದು ಅಪರಾಧವೇ ಸರಿ.

ಉಪಸಂಹಾರ

ಕಾಯಕಕ್ಕೆ ಪೂಜ್ಯಸ್ಥಾನವನ್ನಿತ್ತ ಶರಣಪರಂಪರೆಯಲ್ಲಿ ನೇಕಾರನೂ ಬಡಗಿಯೂ ತಮ್ಮ ಸಲಕರಣೆಗಳ ಹದವನ್ನು ಅರಿತೇ ಕೆಲಸ ಮಾಡಿದವರು. ಇಂದಿನ ವಿದ್ಯಾರ್ಥಿಯ ಸಲಕರಣೆಗಳಲ್ಲಿ ಗಣಕಯಂತ್ರವೂ ಒಂದು. ಅದರ ಪರದೆಯ ಮೇಲೆ ಮೂಡಿದ ಪ್ರತಿಯೊಂದು ಅಂಕಿಯ ಹಿಂದೆ ಒಂದು ಸಂವೇದಕ, ಒಂದು ಸೂತ್ರ, ಒಂದು ಊಹೆ ಇರುತ್ತದೆ. ಇವುಗಳನ್ನು ವಿಚಾರಿಸದೆ ಅಂಕಿಗೆ ತಲೆಬಾಗುವುದೂ ಬೇಡ, ಅದನ್ನು ತಳ್ಳಿಹಾಕುವುದೂ ಬೇಡ. ಅಳೆದುದನ್ನು ಮತ್ತೊಮ್ಮೆ ಅಳೆದು ನೋಡುವ ಈ ಅಭ್ಯಾಸವು ಪ್ರಯೋಗಾಲಯದಲ್ಲಿ ಬೇರೂರಿದರೆ ಯಂತ್ರಗಳು ಹೆಚ್ಚು ಕಾಲ ಬಾಳುವುವು. ಅವುಗಳ ಮುಂದೆ ಕುಳಿತು ಕಲಿಯುವ ಮಕ್ಕಳ ಪಾಠವೂ ನಡುವೆ ನಿಲ್ಲದೆ ಸಾಗುವುದು.