ಗೋಡೆ ಅರ್ಧಕ್ಕೆ ನಿಂತಾಗ

ಓದಿಕೊಳ್ಳಲು: ನೆಹೆಮೀಯ, ಅಧ್ಯಾಯ 3 ಮತ್ತು 4, ಗಲಾತ್ಯರಿಗೆ 6:1-5



ಕ್ಯಾಸಲ್‌ರಾಕ್‌ನಂಥ ಊರಿನಲ್ಲಿ ಮನೆ ಕಟ್ಟುವುದೆಂದರೆ ಮಳೆಯೊಡನೆ ಪಂದ್ಯ ಹೂಡಿದಂತೆ. ಹಲವು ವರ್ಷಗಳಲ್ಲಿ 5000 ಮಿಲಿಮೀಟರನ್ನೂ ದಾಟುವ ಮಳೆ ಅಲ್ಲಿ ಸುರಿಯುತ್ತದೆ. ದೀಪಾವಳಿ ಕಳೆದು ನೆಲ ಆರಿದ ಮೇಲೆ ಪಾಯ ತೆಗೆದರೆ, ಮೇ ತಿಂಗಳು ಮುಗಿಯುವುದರೊಳಗೆ ಹಂಚೋ ತಗಡೋ ಮೇಲೇರಲೇಬೇಕು. ಕೈಯಲ್ಲಿರುವ ಹಣ ಅಷ್ಟಕ್ಕಷ್ಟೆ. ಆದ್ದರಿಂದ ಕೂಲಿ ಉಳಿಸಲೆಂದು ಮನೆಯ ಯಜಮಾನನೇ ಗವಂಡಿಯ ಜೊತೆ ನಿಲ್ಲುತ್ತಾನೆ. ಕಲ್ಲು ಹೊರುತ್ತಾನೆ, ಕಾಂಕ್ರೀಟು ಕಲಸುತ್ತಾನೆ. ಹೀಗಿರುವಾಗ ಒಂದು ದಿನ ಬಗ್ಗಿ ಕಲ್ಲೆತ್ತುವಾಗ ಸೊಂಟ ಹಿಡಿದುಕೊಂಡಿತೆನ್ನಿ. ನೆಟ್ಟಗೆ ನಿಲ್ಲಲಾಗದು, ಮಲಗಿದರೆ ಮಗ್ಗುಲು ಬದಲಿಸಲಾಗದು. ಗೋಡೆ ಕಿಟಕಿಯ ಎತ್ತರಕ್ಕೆ ಬಂದು ನಿಂತಿದೆ. ಆಗ ಆ ಕುಟುಂಬ ಏನು ಮಾಡಬೇಕು?

ಇಂಥ ಹೊತ್ತಿನಲ್ಲಿ ಎರಡು ಭಯಗಳು ಮನಸ್ಸನ್ನು ಹಿಡಿಯುತ್ತವೆ. ಒಂದು, ಮಳೆಯ ಭಯ. ಇನ್ನೊಂದು, ಜನರ ಬಾಯಿಯ ಭಯ. ‘ಕೈಲಾಗದವನು ಮನೆ ಕಟ್ಟಲು ಹೊರಟ’ ಎಂದಾರೆಂಬ ಅಳುಕು. ಈ ಎರಡು ಭಯಗಳ ಒತ್ತಡದಲ್ಲಿ ಅನೇಕರು ಸೊಂಟಕ್ಕೆ ಬಟ್ಟೆ ಬಿಗಿದು, ಒಂದು ಮಾತ್ರೆ ನುಂಗಿ, ‘ಮಾಡು ಏರಲಿ, ಆಮೇಲೆ ಮಲಗುತ್ತೇನೆ’ ಎಂದು ಮತ್ತೆ ಕಲ್ಲಿಗೆ ಕೈ ಹಾಕುತ್ತಾರೆ. ಕೆಲವು ವಾರಗಳಲ್ಲಿ ವಾಸಿಯಾಗಬಹುದಾಗಿದ್ದ ನೋವು ವರ್ಷಗಟ್ಟಲೆ ಕಾಡುವ ನೋವಾಗುವುದು ಹಲವರಲ್ಲಿ ಹೀಗೆಯೇ.

ನೆಹೆಮೀಯನ ಗೋಡೆ

ಕ್ರಿಸ್ತಪೂರ್ವ 445ರ ಸುಮಾರಿಗೆ ನೆಹೆಮೀಯನು ಜೆರುಸಲೇಮಿನ ಪಾಳುಬಿದ್ದ ಗೋಡೆಯನ್ನು ಮತ್ತೆ ಕಟ್ಟಲು ಹೊರಟನು. ಗೋಡೆ ಅರ್ಧ ಎತ್ತರಕ್ಕೆ ಬಂದಿತ್ತು. ಅಷ್ಟರಲ್ಲಿ ಹೊರೆ ಹೊರುವವರ ಬಲ ಕುಂದಿತು. ತೆಗೆಯಬೇಕಾದ ಕಲ್ಲುಮಣ್ಣಿನ ರಾಶಿ ಮಾತ್ರ ಹಾಗೆಯೇ ಬಿದ್ದಿತ್ತು. ಹೊರಗೆ ನಿಂತು ಗೇಲಿಮಾಡುವವರಿಗೂ ಕೊರತೆಯಿರಲಿಲ್ಲ. ನಮ್ಮ ಕುಟುಂಬದ ಸ್ಥಿತಿಗೂ ಇದಕ್ಕೂ ಎಷ್ಟೊಂದು ಹೋಲಿಕೆ!

ನೆಹೆಮೀಯನು ದಣಿದವರನ್ನು ಜರಿಯಲಿಲ್ಲ, ಕೆಲಸವನ್ನು ಕೈಬಿಡಲೂ ಇಲ್ಲ. ಅವನು ಪ್ರಾರ್ಥಿಸಿದನು, ಕೆಲಸವನ್ನು ಬೇರೆ ರೀತಿಯಲ್ಲಿ ಹಂಚಿದನು. ಅರ್ಧ ಜನ ಕಟ್ಟಿದರು, ಅರ್ಧ ಜನ ಕಾವಲು ನಿಂತರು. ಮೂರನೆಯ ಅಧ್ಯಾಯವನ್ನು ಓದಿದರೆ ಹೆಸರುಗಳ ದೊಡ್ಡ ಪಟ್ಟಿಯೇ ಸಿಗುತ್ತದೆ: ಯಾಜಕರು, ಅಕ್ಕಸಾಲಿಗರು, ವರ್ತಕರು, ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಶಲ್ಲೂಮನು. ಒಬ್ಬೊಬ್ಬರದು ಒಂದೊಂದು ತುಂಡು ಗೋಡೆ. ಕೆಲಸ 52 ದಿನಗಳಲ್ಲಿ ಮುಗಿಯಿತು. ಯಾರೊಬ್ಬರ ಬೆನ್ನಿನ ಮೇಲೂ ಆ ಇಡೀ ಗೋಡೆ ನಿಂತಿರಲಿಲ್ಲ.

ಮೊದಲು ಬೆನ್ನು

ಮನೆ ಇರುವುದು ಕುಟುಂಬಕ್ಕಾಗಿ. ಕುಟುಂಬ ಇರುವುದು ಮನೆಗಾಗಿ ಅಲ್ಲ. ಆದ್ದರಿಂದ ಮೊದಲ ಆರೈಕೆ ಬೆನ್ನಿಗೆ.

ಸೊಂಟನೋವು ನಾಚಿಕೆಪಡುವ ಸಂಗತಿಯಲ್ಲ. 2020ರಲ್ಲಿ ಲೋಕದಾದ್ಯಂತ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರ ಎತ್ತುವಾಗ ಆದ ಉಳುಕಿನ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಹಿಂದೆ ವಾರಗಟ್ಟಲೆ ಹಲಗೆಯ ಮೇಲೆ ಅಂಗಾತ ಮಲಗಿಸುತ್ತಿದ್ದರು. ಈಗ ವೈದ್ಯರು ಅದನ್ನು ಒಪ್ಪುವುದಿಲ್ಲ. ಒಂದೆರಡು ದಿನ ವಿಶ್ರಾಂತಿ, ಅನಂತರ ನೋವು ತಡೆಯುವಷ್ಟು ನಡೆದಾಟ, ವೈದ್ಯರು ಹೇಳಿದ ವ್ಯಾಯಾಮ. ಭಾರ ಎತ್ತುವುದು ಮಾತ್ರ ಅವರು ಒಪ್ಪಿಗೆ ಕೊಟ್ಟ ಮೇಲೆಯೇ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ವಾಡಿಕೆ ನಮ್ಮಲ್ಲಿ ಇನ್ನೂ ಉಂಟು. ಪೆಟ್ಟಾದ ಬೆನ್ನಿಗೆ ಅದು ಇನ್ನೊಂದು ಪೆಟ್ಟಾದೀತು, ದಯವಿಟ್ಟು ಬೇಡ.

ಕೆಲವು ಲಕ್ಷಣಗಳು ಕಂಡರೆ ಒಂದು ದಿನವೂ ಕಾಯಬಾರದು: ಕಾಲಿನ ಬಲ ಕುಂದುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು, ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪುವುದು. ಆಗ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಟ್ಟಣಿಗೆಯಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿದ್ದರೆ ಆ ವ್ಯಕ್ತಿಯನ್ನು ಎತ್ತಿ ಕೂರಿಸದೆ, ಅಲುಗಾಡಿಸದೆ 108ಕ್ಕೆ ಕರೆ ಮಾಡಿರಿ. ಕಾಡಿನ ನಡುವಿನ ಊರುಗಳಿಂದ ಆಸ್ಪತ್ರೆ ದೂರ. ಆದ್ದರಿಂದ ತಡಮಾಡದಿರುವುದು ಇನ್ನೂ ಮುಖ್ಯ.

ಭಾರದ ಲೆಕ್ಕವನ್ನೂ ತಿಳಿದಿರೋಣ. ಒಂದು ಚೀಲ ಸಿಮೆಂಟು 50 ಕಿಲೋ. ದೊಡ್ಡ ಚಿರೆಕಲ್ಲು 30 ಕಿಲೋ ದಾಟುವುದುಂಟು. ಒಬ್ಬ ವಯಸ್ಕ ಪುರುಷ ಕೈಯಿಂದ ಸಾಗಿಸುವ ಭಾರ 55 ಕಿಲೋಗಿಂತ ಹೆಚ್ಚಿರುವಲ್ಲಿ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಸೂಚಿಸಿತು. ಆದರೆ ಅದಕ್ಕಿಂತ ಕಡಿಮೆ ಭಾರವೂ ತಪ್ಪಾಗಿ ಎತ್ತಿದರೆ, ದಿನವಿಡೀ ಎತ್ತಿದರೆ ಸೊಂಟ ಮುರಿಯುತ್ತದೆ. ಮೊಣಕಾಲು ಮಡಚಿ, ಕಲ್ಲನ್ನು ಮೈಗೆ ಒತ್ತಿ ಹಿಡಿದು ಏಳಬೇಕು. ಹೊತ್ತುಕೊಂಡಾಗ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಚೀಲವನ್ನು ಇಬ್ಬರು ಹಿಡಿಯಬೇಕು. ಇದನ್ನು ಮನೆಯ ಗಂಡುಮಕ್ಕಳಿಗೆ ಈಗಲೇ ಕಲಿಸಿರಿ.

ಆಮೇಲೆ ಗೋಡೆ

ಕೆಲಸ ನಿಂತರೆ ಕಟ್ಟಿದ್ದೆಲ್ಲ ಹಾಳಾಗಬೇಕೆಂದೇನೂ ಇಲ್ಲ. ಗೋಡೆಯ ತಲೆಯ ಮೇಲೆ ತೆಳುವಾಗಿ ಸಿಮೆಂಟು ಗಾರೆ ಎಳೆದು, ಅದರ ಮೇಲೆ ತಾಡಪತ್ರಿ ಹೊದಿಸಿ ಕಲ್ಲು ಹೇರಿದರೆ ನೀರು ಒಳಗೆ ಇಳಿಯುವುದಿಲ್ಲ. ಪಾಯದ ಸುತ್ತ ಕಾಲುವೆ ತೋಡಿ ನೀರನ್ನು ಹೊರಗೆ ಹರಿಸಬೇಕು. ಹೊರಗೆ ಚಾಚಿದ ಕಬ್ಬಿಣದ ಸರಳುಗಳಿಗೆ ಸಿಮೆಂಟು ಹಾಲು ಬಳಿದರೆ ತುಕ್ಕು ತಡೆಯುತ್ತದೆ. ಉಳಿದ ಸಿಮೆಂಟು ಮಳೆಗಾಲ ಕಾಯುವ ವಸ್ತುವಲ್ಲ. ಒಂದೆರಡು ತಿಂಗಳಲ್ಲೇ ಅದರ ಬಲ ಇಳಿಯತೊಡಗುತ್ತದೆ. ಅಂಗಡಿಗೆ ಮರಳಿಸಿ, ಇಲ್ಲವೆ ಮನೆ ಕಟ್ಟುತ್ತಿರುವ ನೆರೆಯವರಿಗೆ ಕೊಟ್ಟು, ಅವರಿಂದ ಮುಂದಿನ ಹಂಗಾಮಿನಲ್ಲಿ ಹೊಸ ಚೀಲ ಪಡೆಯಬಹುದು. ಗವಂಡಿಯೊಡನೆ ಕೂತು ಇಲ್ಲಿಯವರೆಗಿನ ಕೆಲಸ ಅಳೆದು ಅವನ ಕೂಲಿಯನ್ನು ಪೂರ್ತಿ ಕೊಟ್ಟುಬಿಡಿ. ಅವನ ಮನೆಯಲ್ಲೂ ಒಲೆ ಉರಿಯಬೇಕು.

ಗೋಪುರ ಕಟ್ಟುವ ಮೊದಲು ಕೂತು ಖರ್ಚಿನ ಲೆಕ್ಕ ಹಾಕುವವನ ಸಾಮತಿಯನ್ನು ಪ್ರಭು ಯೇಸು ಹೇಳಿದ್ದು ನಮಗೆ ಗೊತ್ತು (ಲೂಕ 14). ಪರಿಸ್ಥಿತಿ ಬದಲಾದಾಗ ಎರಡನೆಯ ಸಲ ಕೂತು ಲೆಕ್ಕ ಹಾಕುವುದೂ ವಿವೇಕವೇ. ಮೂರು ಕೋಣೆಯ ಬದಲು ಈ ವರ್ಷ ಒಂದು ಕೋಣೆಗೆ ಮಾಡು ಹಾಕಿದರೆ ಸಾಲದೇ? ಗಾಬರಿಯಲ್ಲಿ ಬಡ್ಡಿ ಸಾಲಕ್ಕೆ ಕೈಯೊಡ್ಡುವ ಮೊದಲು ಈ ಪ್ರಶ್ನೆಯನ್ನು ಗಂಡ ಹೆಂಡತಿ ಇಬ್ಬರೂ ಕೂತು ಕೇಳಿಕೊಳ್ಳಬೇಕು. ಇಬ್ಬರೂ ಎಂದು ಏಕೆ ಹೇಳಬೇಕೆಂದರೆ, ಗಂಡ ಮಲಗಿದ ದಿನದಿಂದ ನೀರು, ಸೌದೆ, ಮಕ್ಕಳು, ಔಷಧಿ, ಗವಂಡಿಯ ಚಹಾ ಎಲ್ಲವೂ ಹೆಂಡತಿಯ ಹೆಗಲಿಗೆ ಬಂದಿರುತ್ತದೆ. ಅವಳಿಗೂ ಒಂದು ಬೆನ್ನಿದೆ.

ಹಕ್ಕಿನಿಂದ ಬರುವ ನೆರವನ್ನೂ ಕೇಳಬೇಕು. 1996ರ ಕೇಂದ್ರ ಕಾಯ್ದೆಯಡಿ ರಚನೆಯಾದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಹೆಸರು ನೋಂದಾಯಿಸಬಹುದು. ನಮ್ಮ ಗವಂಡಿಗಳು ಮತ್ತು ಕೂಲಿಗಳು ಪೆಟ್ಟಾಗುವ ಮೊದಲೇ ಇದನ್ನು ಮಾಡಿಸಿಕೊಳ್ಳಲಿ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಸರ್ಕಾರಿ ಆಸ್ಪತ್ರೆಯಿಂದಲೇ ಆರಂಭಿಸಿರಿ.

ಹಿಂದಿನಿಂದ ತಳ್ಳುವವರು

ಕುಳೇಂನಿಂದ ಕ್ಯಾಸಲ್‌ರಾಕ್‌ಗೆ ಘಟ್ಟ ಹತ್ತುವ ರೈಲನ್ನು ನೀವು ನೋಡಿರಬಹುದು. ಸುಮಾರು 26 ಕಿಲೋಮೀಟರ್ ದಾರಿ; 37 ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದು. ಎಷ್ಟೇ ಬಲವಾದ ಎಂಜಿನ್ ಮುಂದಿದ್ದರೂ ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಅವಕ್ಕೆ ಬ್ಯಾಂಕರ್ ಎನ್ನುತ್ತಾರೆ. ಅದನ್ನು ನೋಡಿ ಮುಂದಿನ ಎಂಜಿನ್ ಕೈಲಾಗದ್ದೆಂದು ಯಾರೂ ನಗುವುದಿಲ್ಲ. ಘಟ್ಟ ಅಂಥದ್ದು ಎಂದು ಎಲ್ಲರಿಗೂ ಗೊತ್ತು.

ಜಗದ್ಗುರು ದ್ವಿತೀಯ ಜಾನ್ ಪೌಲರು ಮಾನವನ ದುಡಿಮೆಯ ಬಗ್ಗೆ ಬರೆದ ವಿಶ್ವಪರಿಪತ್ರವನ್ನು 1981ರ ಮೇ 15ರಂದು ಹೊರತರಬೇಕೆಂದಿದ್ದರು. ಎರಡು ದಿನ ಮೊದಲು, ಮೇ 13ರಂದು ಅವರಿಗೆ ಗುಂಡೇಟು ಬಿತ್ತು. ಆಸ್ಪತ್ರೆಯಿಂದ ಬಂದ ಮೇಲೆಯೇ ಅದನ್ನು ಪೂರ್ತಿ ತಿದ್ದಲು ಸಾಧ್ಯವಾಯಿತೆಂದು ಅವರೇ ಅದರ ಕೊನೆಯಲ್ಲಿ ಬರೆದಿದ್ದಾರೆ. ಅದು ಹೊರಬಂದದ್ದು ಸೆಪ್ಟೆಂಬರ್ 14ರಂದು. ದುಡಿಮೆ ಮನುಷ್ಯನಿಗಾಗಿ, ಮನುಷ್ಯ ದುಡಿಮೆಗಾಗಿ ಅಲ್ಲವೆಂಬುದು ಅದರ ಬೋಧನೆ. ದುಡಿಮೆಯ ಕುರಿತ ಬರಹವೇ ದೇಹ ಸುಧಾರಿಸುವವರೆಗೆ ಕಾದಿತು.

ಸಂತ ಪೌಲರು ಗಲಾತ್ಯರಿಗೆ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಕಲಿಸುತ್ತಾರೆ. ಅದೇ ಅಧ್ಯಾಯದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಹೊರೆಯಿದೆ ಎನ್ನುತ್ತಾರೆ. ಎರಡೂ ನಿಜ. ಮಲಗಿದವನು ಲೆಕ್ಕ ಬರೆಯಬಹುದು, ಗವಂಡಿಗೆ ದಾರಿ ತೋರಿಸಬಹುದು, ಗುಣವಾಗುತ್ತಿದ್ದಂತೆ ಪೈಪು ಹಿಡಿದು ಗೋಡೆಗೆ ನೀರು ಉಣಿಸಬಹುದು. ಕಲ್ಲು ಹೊರುವುದು ಮಾತ್ರ ನೆರೆಯವರ ಪಾಲು. ಧರ್ಮಕೇಂದ್ರದ ಹತ್ತು ಜನ ಒಂದು ಭಾನುವಾರ ಪೂಜೆ ಮುಗಿಸಿ ಬಂದರೆ ಆ ಗೋಡೆಗೆ ತಾಡಪತ್ರಿ ಹೊದಿಸಲು ಅರ್ಧ ದಿನ ಸಾಕು. ‘ಏನಾದರೂ ಬೇಕಿದ್ದರೆ ಹೇಳು’ ಎಂದು ಹೊರಟುಬಿಡಬೇಡಿ. ಬೇಕೆಂದು ಹೇಳುವುದೇ ಅವನಿಗೆ ಎಲ್ಲಕ್ಕಿಂತ ಭಾರವಾದ ಕಲ್ಲು. ನೀವೇ ಗುದ್ದಲಿ ಹಿಡಿದು ಹೋಗಿರಿ.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿ ಯಾರ ಬೆನ್ನಿನ ಮೇಲೆ ಹೆಚ್ಚು ಭಾರವಿದೆ? ಅದರಲ್ಲಿ ಯಾವುದನ್ನು ಈ ವಾರವೇ ಹಂಚಿಕೊಳ್ಳಬಹುದು?

2. ನೆರವು ಕೇಳಲು ನಾವು ನಾಚುವುದೇಕೆ?

3. ನಮ್ಮ ವಾಳೆಯಲ್ಲಿ ಕೆಲಸ ಅರ್ಧಕ್ಕೆ ನಿಂತಿರುವ ಮನೆ ಯಾವುದು? ಮಳೆ ಹಿಡಿಯುವ ಮೊದಲು ಅಲ್ಲಿಗೆ ಯಾರು ಹೋಗುತ್ತೀರಿ?