ಮೂಕಪ್ರಾಣಿಯ ಪರವಾಗಿ ದೂರು ಕೊಡುವವರು ಯಾರು?

ಹಿಂಸೆಗೊಳಗಾದ ಮನುಷ್ಯನು ತಾನೇ ಠಾಣೆಯ ಮೆಟ್ಟಿಲೇರಿ ಅಳಲನ್ನು ತೋಡಿಕೊಳ್ಳಬಲ್ಲನು. ಮೂಕಪ್ರಾಣಿಗೆ ಆ ಅನುಕೂಲವಿಲ್ಲದ ಕಾರಣ, ಅದರ ಪರವಾಗಿ ಮಾತನಾಡುವ ಹೊಣೆ ಕಣ್ಣಾರೆ ಕಂಡ ನಾಗರಿಕನ ಮೇಲೆಯೇ ಬೀಳುತ್ತದೆ. ಜೀವಿಗಳಲ್ಲಿ ದಯೆಯಿಂದಿರುವುದು ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ(ಜಿ) ಅನುಚ್ಛೇದವು ಹೇಳುತ್ತದೆಯಾದರೂ, ಯಾವ ಕಾನೂನನ್ನು ಹಿಡಿದು ಯಾರ ಬಳಿಗೆ ಹೋಗತಕ್ಕದ್ದೆಂಬುದನ್ನರಿಯದೆ ದಯಾವಂತರೇ ಕೈಚೆಲ್ಲಿ ಕುಳಿತುಕೊಳ್ಳುವುದುಂಟು.

ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲರು ನಡೆಸಿದ ಪ್ರಯತ್ನದ ಫಲವಾಗಿ ರೂಪುಗೊಂಡ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಕಲಮು, ಹೊಡೆಯುವುದು, ಮಿತಿಮೀರಿ ಹೇರು ಹೇರುವುದು, ಹುಣ್ಣಾದ ಎತ್ತನ್ನು ನೊಗಕ್ಕೆ ಹೂಡುವುದು, ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು ಮೊದಲಾದವನ್ನೆಲ್ಲ ಅಪರಾಧವೆಂದು ಎಣಿಸಿದೆ. ಆದರೆ ಮೊದಲ ತಪ್ಪಿಗೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ. ಮೇಲಾಗಿ ಇಂಥ ಬಹುಪಾಲು ಕೃತ್ಯಗಳು ಅಸಂಜ್ಞೇಯವಾದುದರಿಂದ ದಂಡಾಧಿಕಾರಿಯ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ತೊಡಗುವಂತಿಲ್ಲ. ಇದಕ್ಕೆ ಭಿನ್ನವಾಗಿ, ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಅಂಗಹೀನಗೊಳಿಸುವ ಕೃತ್ಯವು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ 5 ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಸಂಜ್ಞೇಯ ಅಪರಾಧವಾಗಿದೆ. ಆದಕಾರಣ ನಾಯಿಗೆ ಏಟು ಬಿತ್ತೆಂದಷ್ಟೇ ಬರೆಯದೆ, ಕಾಲು ಮುರಿದಿದ್ದರೆ ಅದನ್ನೂ, ವಿಷದ ಶಂಕೆಯಿದ್ದರೆ ಅದನ್ನೂ ದೂರಿನಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ದೂರನ್ನು ಬಾಯಿಮಾತಿನಲ್ಲಿ ಹೇಳಿದರೂ ಅಧಿಕಾರಿಯು ಅದನ್ನು ಬರೆದುಕೊಂಡು ಓದಿ ಹೇಳಿ ಸಹಿ ಪಡೆಯತಕ್ಕದ್ದು. ಸಂಜ್ಞೇಯ ಅಪರಾಧವಾದರೆ, ಘಟನೆ ನಡೆದ ಸ್ಥಳ ಬೇರೆ ಠಾಣೆಯ ಸರಹದ್ದಿನದೆಂಬ ನೆಪದಿಂದ ತಿರಸ್ಕರಿಸಲಾಗದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ದೂರುದಾರನಿಗುಂಟು. ದಾಖಲಿಸಿಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಬರೆಯಬಹುದು. ಅಲ್ಲಿಯೂ ಫಲ ಕಾಣದಿದ್ದರೆ ದಂಡಾಧಿಕಾರಿಯ ಮೊರೆಹೋಗಬಹುದು. ಅಪರಾಧವು ಅಸಂಜ್ಞೇಯವೆಂದು ಪೊಲೀಸರು ಹೇಳಿದರೆ ಎನ್‌ಸಿಆರ್ (ಅಸಂಜ್ಞೇಯ ಪ್ರಕರಣದ ವರದಿ) ಸಂಖ್ಯೆಯೊಡನೆ ಹಿಂಬರಹವನ್ನು ಕೇಳಿ ಪಡೆಯಿರಿ. ವಿಷದಿಂದ ಸತ್ತಿರಬಹುದಾದ ಪ್ರಾಣಿಯನ್ನು ಮರುಕದಿಂದ ಕೂಡಲೆ ಹೂಳಿಬಿಟ್ಟರೆ ಸಾಕ್ಷ್ಯವೂ ಮಣ್ಣುಪಾಲಾಗುವುದಾದುದರಿಂದ, ಸರಕಾರಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸುವಂತೆ ಪೊಲೀಸರನ್ನು ಲಿಖಿತವಾಗಿ ಕೋರಬೇಕು.

ಜೀವ ಉಳಿದಿದ್ದರೆ ಚಿಕಿತ್ಸೆಯೇ ಮೊದಲು. ವಾಹನ ಬಡಿದ ನಾಯಿಯನ್ನು ಗೋಣಿಯ ಮೇಲೆ ಮೆಲ್ಲನೆ ಸರಿಸಿ, ನಾಲ್ಕೂ ಮೂಲೆಗಳನ್ನು ಹಿಡಿದು ಎತ್ತಬೇಕು. ನೋವಿನಲ್ಲಿರುವ ಪ್ರಾಣಿ ಸಾಕಿದವನನ್ನೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡವಿಲ್ಲದೆ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಹಸು ಎಮ್ಮೆಗಳ ಆಪತ್ತಿಗೆ ಕರ್ನಾಟಕದಲ್ಲಿ ಪಶು ಸಂಜೀವಿನಿಯ 1962 ಸಂಖ್ಯೆಯಿದೆ. ಬಾವಿಗೆ ಬಿದ್ದ ಜಾನುವಾರಿಗಾಗಿ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಕರೆಸಬಹುದು.

ವನ್ಯಜೀವಿಗಳ ವಿಷಯದಲ್ಲಿ ಕರುಣೆಗೂ ಕಾನೂನು ಕಟ್ಟುಪಾಡು ಹಾಕಿದೆ. ಗಾಳಿಪಟದ ಮಾಂಜಾ ದಾರದಲ್ಲಿ ರೆಕ್ಕೆ ಸಿಕ್ಕಿಸಿಕೊಂಡ ಗೂಬೆಯನ್ನು ಕಂಡಾಗ ದಾರವನ್ನು ಜಗ್ಗದೆ, ಹಕ್ಕಿಯೊಡನೆ ಬರುವಷ್ಟು ಬಿಟ್ಟು ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿರಿಸಿ, ಕೊಕ್ಕಿಗೆ ನೀರು ಹೊಯ್ಯದೆ ಅರಣ್ಯ ಇಲಾಖೆಯ 1926ಕ್ಕೆ ತಿಳಿಸಬೇಕು. ಮನೆಗೆ ಹಾವು ನುಗ್ಗಿದರೂ ಕರೆಯಬೇಕಾದುದು ಅದೇ ಸಂಖ್ಯೆಗೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 39ನೆಯ ಕಲಮಿನಂತೆ, ಸರಕಾರದ ಸ್ವತ್ತೆನಿಸಿದ ವನ್ಯಪ್ರಾಣಿ ಕೈಸೇರಿದವನು 48 ಗಂಟೆಗಳೊಳಗೆ ಪೊಲೀಸರಿಗಾಗಲಿ ಅಧಿಕೃತ ಅಧಿಕಾರಿಗಾಗಲಿ ವರದಿ ಮಾಡತಕ್ಕದ್ದು. ಬಿದ್ದ ಗಿಳಿಮರಿಯನ್ನು ಕನಿಕರದಿಂದ ತಂದು ಪಂಜರದಲ್ಲಿ ಸಾಕಿಕೊಂಡವನೂ ಕಾನೂನಿನ ಕಣ್ಣಿಗೆ ತಪ್ಪಿತಸ್ಥನೇ.

ಬೀದಿನಾಯಿಗಳಿಗೆ ಅನ್ನವಿಡುವವರಿಗೂ ನೆರೆಹೊರೆಯವರಿಗೂ ಎದ್ದೇಳುವ ಕಲಹಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಮಧ್ಯಮಮಾರ್ಗವನ್ನು ಸೂಚಿಸಿವೆ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿಯಲ್ಲಿ ಕಂಡಕಂಡಲ್ಲಿ ಉಣಿಸುವುದನ್ನು ನಿಷೇಧಿಸಿ, ವಾರ್ಡುವಾರು ನಿಗದಿತ ಸ್ಥಳಗಳನ್ನು ಗುರುತಿಸುವಂತೆ ವಿಧಿಸಿತು. ಜಗಳಕ್ಕಿಳಿಯುವ ಮುನ್ನ ಅಂಥ ಸ್ಥಳಕ್ಕಾಗಿ ನಗರಾಡಳಿತಕ್ಕೆ ಅರ್ಜಿ ಕೊಡುವುದು ಉಭಯಪಕ್ಷಗಳಿಗೂ ಕ್ಷೇಮಕರ.

ಕಡೆಯದಾಗಿ ಅವಧಿಯ ಮಾತು: 1960ರ ಅಧಿನಿಯಮದಡಿ, ಕೃತ್ಯ ನಡೆದ ದಿನದಿಂದ 3 ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತಿಲ್ಲ. ಆದುದರಿಂದ ಕಂಡ ದಿನವೇ ದಿನಾಂಕ, ವೇಳೆ, ಸ್ಥಳಗಳನ್ನು ಬರೆದಿಟ್ಟು, ಚಿತ್ರ ತೆಗೆದು, ಜೊತೆಗಿದ್ದ ಒಬ್ಬರನ್ನಾದರೂ ಸಾಕ್ಷಿಯಾಗಲು ಒಪ್ಪಿಸಿಕೊಳ್ಳಿ.